ಜೊತೆಗೆ ಬಂದವರು

ಗುರುತಿನ ಚೀಟಿಗಾಗಿ ಅಮ್ಮನ ಆಫೀಸು ಚೀಲದ ಜಿಪ್ಪು ಎಳೆದದ್ದೇ ತಡ, ಫಿನಾಯಿಲು ಮತ್ತು ಗೋಂದು ಬೆರೆತ ವಾಸನೆ ಮಗಳ ಮುಖಕ್ಕೆ ಬಡಿಯಿತು. ಆರು ವರ್ಷದವಳಿದ್ದಾಗ, ಸಂಜೆ ಬಾಗಿಲು ಸದ್ದಾದೊಡನೆ ಓಡಿಹೋಗಿ ಅಮ್ಮನ ಸೊಂಟ ತಬ್ಬಿಕೊಂಡರೆ ಬರುತ್ತಿದ್ದ ವಾಸನೆ ಇದೇ. ಆಸ್ಪತ್ರೆಗೆ ಹೋಗಿಬಂದ ದಿನ ಫಿನಾಯಿಲು ಹೆಚ್ಚು, ಕಚೇರಿಯಲ್ಲೇ ಕೂತ ದಿನ ಗೋಂದು ಹೆಚ್ಚು.

"ಸಿಕ್ತೇನೇ? ಸ್ಮಶಾನದವರು ಚೀಟಿ ಇಲ್ಲದೆ ಒಳಗೇ ಬಿಡಲ್ವಂತೆ," ಬಾಗಿಲಲ್ಲಿ ನಿಂತ ಚಿಕ್ಕಮ್ಮ ಕೇಳಿದಳು. "ಸತ್ತ ಮೇಲೂ ನಮ್ಮಕ್ಕನಿಗೆ ಕಾಗದಪತ್ರದ ಕಾಟ ತಪ್ಪಲಿಲ್ಲ ನೋಡು." ನಗಲು ಹೋಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಚೀಟಿ ಚೀಲದ ತಳದಲ್ಲಿತ್ತು. ಅದರ ಮೇಲೆ ಕಂದು ರಟ್ಟಿನ ಹಳೆಯ ಪುಸ್ತಕವೊಂದು, ಒಂದರ ಮೇಲೊಂದು ಕೂತ ಎರಡು ಊಟದ ಡಬ್ಬಿಗಳು. ಯಾವಾಗಲೂ ಎರಡು. ಒಬ್ಬಳೇ ಎರಡು ಡಬ್ಬಿ ತಿನ್ನುತ್ತಾಳಲ್ಲ ಎಂದು ಚಿಕ್ಕಂದಿನಲ್ಲಿ ಮಗಳಿಗೆ ಅಮ್ಮನ ಹೊಟ್ಟೆಯ ಬಗ್ಗೆ ಭಾರಿ ಗೌರವವಿತ್ತು.

* * *

ಅಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಶಾಲೆಯಲ್ಲಿ ಟೀಚರು ಕೇಳಿದಾಗ ಅವಳು, "ಬರೀತಾಳೆ," ಎಂದಿದ್ದಳು.

"ಕತೆನಾ?"

"ಅಲ್ಲ. ಹಾಸಿಗೆ."

ತರಗತಿಯೆಲ್ಲ ನಕ್ಕಿತ್ತು. ಆದರೆ ಉತ್ತರ ಅಷ್ಟೇನೂ ತಪ್ಪಲ್ಲ. ಎಲ್ಲ ಊರಿನ ಆಸ್ಪತ್ರೆಗಳಲ್ಲೂ ಮಾಡಲಾಗದ ಕಷ್ಟದ ಚಿಕಿತ್ಸೆಗಳನ್ನು ಯಾವ ಆಸ್ಪತ್ರೆಗೆ ವಹಿಸಬೇಕು, ಅಲ್ಲಿ ಎಷ್ಟು ಹಾಸಿಗೆ, ಎಷ್ಟು ದಾದಿಯರು, ಯಾವ ಯಂತ್ರ ಇರಬೇಕು ಎಂದು ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ಕೂತು ಬರೆಯುವುದು ಅಮ್ಮನ ಕೆಲಸ. ಅವಳು ಬರೆದದ್ದಕ್ಕೆ ಆಸ್ಪತ್ರೆಯವರು ಒಪ್ಪಿ ಸಹಿ ಹಾಕಿದ ಮೇಲೆಯೇ ಮೊದಲ ರೋಗಿಗೆ ಬಾಗಿಲು ತೆರೆಯುತ್ತಿತ್ತು. ಪ್ರತಿ ಕರಡಿನಲ್ಲೂ ಹದಿನಾಲ್ಕನೆಯ ಕಲಂ ಒಂದೇ: ರೋಗಿಯ ಜೊತೆಗೆ ಬಂದ ಒಬ್ಬರಿಗೆ ಎರಡು ಹೊತ್ತು ಊಟ, ಮಲಗಲು ಜಾಗ. ಕಚೇರಿಯವರು ಅವಳನ್ನು 'ಊಟದ ಮೇಡಂ' ಎಂದೇ ಕರೆಯುತ್ತಿದ್ದರು.

* * *

ಸ್ಮಶಾನದಿಂದ ಮರಳಿದಾಗ ಗಂಟೆ ಒಂದು. ಪಕ್ಕದ ಮನೆಯವರು ಅಡುಗೆ ಮಾಡಿ ತಂದಿಟ್ಟಿದ್ದರು. ಯಾರಿಗೂ ಮೊದಲು ಕೂರುವ ಮನಸ್ಸಿಲ್ಲ. ಇಲಾಖೆಯ ನಿರ್ದೇಶಕರು ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷ ಅಮ್ಮನ ಕರಡುಗಳನ್ನು ಟೈಪು ಮಾಡಿದ ಹೆಂಗಸು ಅವರ ಎದುರಿಗೆ ನಿಂತಳು. ಕಂಕುಳಲ್ಲಿ ಫೈಲು.

"ಸರ್, ಇದನ್ನ ಇಲ್ಲಿ ತರಬಾರದಿತ್ತು. ಆದ್ರೆ ಮೂರು ಗಂಟೆಗೆ ಆಸ್ಪತ್ರೆಯವರ ಜೊತೆ ಸಭೆ."

"ಇವತ್ತು ಬೇಡಮ್ಮ ಅದೆಲ್ಲ."

"ಇವತ್ತೇ ಬೇಕು ಸರ್. ನಾಳೆ ಇದು ಸಹಿಯಾಗಿ ಹೊರಗೆ ಹೋಗಿರುತ್ತೆ. ಮೇಡಂ ಕಡೇ ದಿನ ಸಾಯಂಕಾಲ ಕೇಳಿದ್ದು ಇದೊಂದೇ ಮಾತು, ಹದಿನಾಲ್ಕನೇ ಕಲಂನ ಹೊಡೆದುಹಾಕಿಬಿಟ್ರಾ ಅಂತ."

ಮಗಳು ತಲೆಯೆತ್ತಿದಳು. ಆ ಸಂಜೆ ಅಮ್ಮ ಊಟಕ್ಕೆ ಕೂತು ತಟ್ಟೆ ಸರಿಸಿದ್ದು, ಏನಾಯ್ತಮ್ಮ ಎಂದರೆ "ಏನಿಲ್ಲ, ಆಫೀಸಿಂದು" ಎಂದದ್ದು ನೆನಪಾಯಿತು.

ನಿರ್ದೇಶಕರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನನಗೆ ಮಾತ್ರ ಖುಷೀನಾ? ಮಕ್ಕಳ ಮೂತ್ರಪಿಂಡದ ಕಾಯಿಲೆಗೆ ಅಂತ ಇದೊಂದು ಆಸ್ಪತ್ರೆ ಮುಂದೆ ಬಂದಿದೆ. ಈ ಕಲಂ ಇದ್ರೆ ಸಹಿ ಹಾಕಲ್ಲ ಅಂತಾರೆ. ಚಿಕಿತ್ಸೆ ನಮ್ಮ ಕೆಲಸ, ಊಟ ಹಾಕೋದಲ್ಲ ಅಂತಾರೆ. ಇದಕ್ಕೋಸ್ಕರ ಇನ್ನಾರು ತಿಂಗಳು ಮಕ್ಕಳು ಕಾಯಬೇಕಾ? ಇದರಿಂದ ರೋಗಿಗೆ ಏನುಪಯೋಗ ಅಂತ ಒಂದು ಸಾಲು ಆಧಾರ ತೋರಿಸಿ ಅಂತ ಮೇಡಂಗೇ ಕೇಳ್ದೆ. ಮನೇಲಿದೆ, ತರ್ತೀನಿ ಅಂದ್ರು."

ಮಗಳು ಎದ್ದು ಒಳಗೆ ಹೋದಳು. ಕಂದು ರಟ್ಟಿನ ಪುಸ್ತಕ ತಂದು ಅವರ ಕೈಗೆ ಕೊಟ್ಟಳು. ನಡುವೆ ಒಂದು ಪುಟಕ್ಕೆ ದಾರ ಸಿಕ್ಕಿಸಿತ್ತು.

* * *

ಆ ಪುಟದಲ್ಲಿದ್ದದ್ದು ಅಮ್ಮ ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಸಂಗತಿ. ಅವಳು ಕರಡು ಬರೆದ ಮೊದಲ ಸೇವೆ ಇಂಥದ್ದೇ, ಮಕ್ಕಳ ವಾರ್ಡು. ಉಪ್ಪಿಲ್ಲದ, ತೂಕ ಮಾಡಿದ ಊಟವನ್ನು ಮಕ್ಕಳಿಗೆ ಕೊಡಬೇಕು, ತಟ್ಟೆಯಲ್ಲಿ ಉಳಿದದ್ದನ್ನು ದಾದಿಯರು ಬರೆದಿಡಬೇಕು ಎಂದು ಅವಳೇ ಬರೆದಿದ್ದಳು. ಏಳನೆಯ ಹಾಸಿಗೆಯ ಹುಡುಗಿಯ ತಟ್ಟೆ ದಿನವೂ ಖಾಲಿ. ಆದರೂ ತೂಕ ಏರಲೊಲ್ಲದು. ಹೊಟ್ಟೆಯಲ್ಲೇ ಏನೋ ದೋಷವಿದೆಯೆಂದು ವೈದ್ಯರು ಎರಡು ಸಲ ಪರೀಕ್ಷೆ ಮಾಡಿಸಿದರು. ಊಟ ಹೋಗಲು ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುವುದೆಂದು ತೀರ್ಮಾನವಾಯಿತು.

ತಪಾಸಣೆಗೆಂದು ಅಮ್ಮ ಹೋದದ್ದು ನಳಿಗೆ ಇಳಿಸಬೇಕಿದ್ದ ಹಿಂದಿನ ದಿನ, ಊಟದ ಹೊತ್ತಿಗೆ. ದಾದಿ ಆಚೆ ತಿರುಗಿದ ಕೂಡಲೇ ಹುಡುಗಿ ಅರ್ಧ ಊಟವನ್ನು ಲೋಟದ ಮುಚ್ಚಳಕ್ಕೆ ಬಳಿದು ಮಂಚದ ಕೆಳಗೆ ಚಾಚಿದಳು. ಕೆಳಗಿನಿಂದ ಒಂದು ಕೈ ಅದನ್ನು ತೆಗೆದುಕೊಂಡಿತು.

ಅಮ್ಮ ಬಗ್ಗಿ ನೋಡಿದಳು. ಹುಡುಗಿಯ ತಾಯಿ ಮುದುಡಿ ಕೂತಿದ್ದಳು, ತುತ್ತು ಬಾಯಲ್ಲೇ ಇತ್ತು, ನುಂಗಲಿಲ್ಲ.

"ಬೇಡ ಅಂದ್ರೆ ಇವಳು ತಾನೂ ತಿನ್ನಲ್ಲ ಅಂತಾಳೆ ಮೇಡಂ," ಎಂದಳು ಕೊನೆಗೆ. "ಊರು ದೂರ. ತಂದಿದ್ದೆಲ್ಲ ಮುಗೀತು."

"ಬಯ್ಯಬೇಡಿ," ಹುಡುಗಿ ಹೇಳಿದಳು. "ನಮ್ಮಮ್ಮನ ಹೆಸರು ಲಿಸ್ಟಲ್ಲಿ ಇಲ್ವಂತೆ."

ಲಿಸ್ಟು ಗೋಡೆಯ ಮೇಲಿತ್ತು. ಇಲಾಖೆಯಿಂದ ಅವಳೇ ಬರೆದು ಕಳಿಸಿದ್ದು, ಅವಳದೇ ಅಕ್ಷರ.

* * *

ನಿರ್ದೇಶಕರು ಪುಟ ತಿರುಗಿಸಿದರು. 'ನಾಳೆಯಿಂದ ಎರಡು ಡಬ್ಬಿ' ಎಂಬುದರ ಮುಂದೆ ಮಾತಿರಲಿಲ್ಲ. ತಾರೀಖು, ಎದುರಿಗೆ ತೂಕ. ಹದಿಮೂರು ಕಿಲೋ. ಹದಿಮೂರು ಇನ್ನೂರು. ಹದಿಮೂರೂವರೆ. ಹದಿನಾಲ್ಕು ದಾಟಿದಲ್ಲಿ ಸಣ್ಣದಾಗಿ, 'ನಳಿಗೆ ಬೇಕಾಗಲಿಲ್ಲ. ಮನೆಗೆ ಕಳಿಸಿದರು.'

"ತಪ್ಪು ತನ್ನದು ಅಂತ ಯಾರಿಗೂ ಹೇಳೇ ಇಲ್ಲವಲ್ಲ," ಎಂದರು.

"ನಾಚಿಕೆ ಸರ್," ಟೈಪಿಸ್ಟ್ ಹೇಳಿದಳು. "ಊಟದ ಮೇಡಂ ಅಂದ್ರೆ ನಗ್ತಿದ್ರು. ಯಾಕೆ ಅಂತ ಕೇಳಿದ್ರೆ ಫೈಲು ಕೊಡು ಅಂತಿದ್ರು."

ಅವರು ಫೈಲಿಗೆ ಕೈ ಚಾಚಿದರು. ಹದಿನಾಲ್ಕನೆಯ ಕಲಮಿನ ಮೇಲೆ ತಾವೇ ಎಳೆದ ಕೆಂಪು ಗೀಟನ್ನು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಅಂಚಿನಲ್ಲಿ 'ಇರಲಿ' ಎಂದು ಬರೆದು, ಕೆಳಗೆ ಚಿಕ್ಕ ಸಹಿ ಹಾಕಿದರು.

"ಆಸ್ಪತ್ರೆಯವರು ಎದ್ದು ಹೋದ್ರೆ?" ಚಿಕ್ಕಮ್ಮ ಕೇಳಿದಳು. ಇಷ್ಟು ಹೊತ್ತೂ ಅವಳು ಕಂಬಕ್ಕೊರಗಿ ಕೇಳಿಸಿಕೊಳ್ಳುತ್ತಿದ್ದಳು.

"ಈ ಪುಸ್ತಕ ಓದಿ ಹೇಳ್ತೀನಮ್ಮ. ಆಮೇಲೂ ಎದ್ದು ಹೋದ್ರೆ ಹಿಂದೆ ಹೋಗಿ ಕರೀತೀನಿ." ಮಗಳ ಕಡೆ ತಿರುಗಿದರು. "ಇದನ್ನ ಸಾಯಂಕಾಲ ವಾಪಸ್ ಕಳಿಸ್ತೀನಿ. ನಾನೇ ತರ್ತೀನಿ."

"ಊಟ ಮಾಡ್ಕೊಂಡು ಹೋಗಿ ಸರ್."

"ಹೊತ್ತಾಯ್ತು ತಾಯಿ."

ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಮಗಳು ಅಡುಗೆಮನೆಗೆ ಹೋಗಿಬಂದಳು. ಊಟ ತುಂಬಿದ ಅಮ್ಮನ ಎರಡೂ ಡಬ್ಬಿಗಳನ್ನು ಅವರ ಕೈಗಿತ್ತಳು. ಇನ್ನೂ ಬಿಸಿಯಿದ್ದವು. ಅವರು ಎರಡನ್ನೂ ನೋಡಿದರು, ಅವಳನ್ನು ನೋಡಿದರು.

ಬೀದಿಯಲ್ಲಿ ಅವರ ಡ್ರೈವರು ಬೆಳಗಿನಿಂದ ಕಾರಿಗೊರಗಿಕೊಂಡೇ ನಿಂತಿದ್ದ. ನಿರ್ದೇಶಕರು ಹಿಂದಿನ ಬಾಗಿಲು ತೆರೆಯಲಿಲ್ಲ. ಕಾರನ್ನು ಬಳಸಿಕೊಂಡು ಅವನ ಬಳಿಗೆ ಹೋಗಿ, ಮೇಲಿನ ಡಬ್ಬಿಯನ್ನು ಅವನ ಕೈಯಲ್ಲಿಟ್ಟರು.