ಏರಿಯ ಮೇಲಿನ ಚಪ್ಪಲಿ

ಪ್ಲಾಸ್ಟಿಕ್ ಕವರಿನಿಂದ ಗಂಡನ ಹಳೇ ಚಪ್ಪಲಿಗಳನ್ನು ತೆಗೆದು ಆಂಜಿನಮ್ಮ ಕೆರೆ ಏರಿಯ ಬುಡದ ಹೊಂಗೆಮರದ ಕೆಳಗೆ ಜೋಡಿಸಿಟ್ಟಳು. ಮಗಳು ಯಶೋಧರಾ ಸುತ್ತಮುತ್ತ ನೋಡಿ, "ಎತ್ತಿಡಮ್ಮ, ಜನ ನೋಡ್ತಾರೆ" ಎಂದಳು.

"ನೋಡ್ಲಿ ಅಂತಾನೇ ಇಟ್ಟಿರೋದು ಕಣೇ."

ಕೆರೆ ತುಂಬಿ ಮತ್ತೆ ಕೋಡಿ ಹೋಗಿತ್ತು. ಗಂಗಮ್ಮನ ಪೂಜೆಗೆ ಊರಿಗೆ ಊರೇ ಏರಿ ಹತ್ತುತ್ತಿತ್ತು. ಹಿಂದೆ ಕೋಡಿ ಹೋದದ್ದು 2021ರ ನವೆಂಬರಿನಲ್ಲಿ. ಆ ಮಳೆಗೆ ಮಂಚೇನಹಳ್ಳಿ ಕಡೆಯೆಲ್ಲ ನೀರೋ ನೀರು. ತೂಬು ತೆಗೆದು ಮುಚ್ಚುವ ನೀರುಗಂಟಿ, ಆಂಜಿನಮ್ಮನ ಗಂಡ ಬಯ್ಯಪ್ಪ ಹೆಣವಾಗಿ ಸಿಕ್ಕಿದ್ದು ಆಗಲೇ. ತೂಬು ಪೂರ್ತಿ ತೆರೆದಿತ್ತು, ಕೆಳಗಿನ ಕೇರಿಯಲ್ಲಿ ಒಂಬತ್ತು ಮನೆ ಬಿದ್ದಿದ್ದವು. ಕುಡಿದು ತೂಬು ಎತ್ತಿದ, ಜಾರಿ ಬಿದ್ದ, ಊರನ್ನೂ ಮುಳುಗಿಸಿದ ಎಂದು ಜನ ತೀರ್ಮಾನಿಸಿಬಿಟ್ಟರು. ಸತ್ತವನು ಎದ್ದು ಬಂದು ಅಲ್ಲಪ್ಪ ಎನ್ನಲು ಆಗುತ್ತದೆಯೇ?

ಆಂಜಿನಮ್ಮನ ಹೊಟ್ಟೆ ಉರಿಯುತ್ತಿದ್ದುದು ಆ ಮಾತಿಗೇ. ಅವತ್ತು ಸಂಜೆ ಮನೆಯಿಂದ ಹೊರಡುವಾಗ ಬಯ್ಯಪ್ಪ ಹೇಳಿದ್ದ: "ಕೃಷ್ಣಮೂರ್ತಿಗೆ ದ್ರಾಕ್ಷಿ ತೋಟ ಮುಳುಗ್ತೈತೆ ಅಂತ ಸಂಕಟ. ತೂಬು ಪೂರಾ ಎತ್ತು ಅಂತಾನೆ. ಎತ್ತಿದ್ರೆ ಕೇರಿ ಉಳೀತದಾ? ಪ್ರಾಣ ಹೋದ್ರೂ ಎತ್ತಲ್ಲ." ತೋಟವೇನು ಕೃಷ್ಣಮೂರ್ತಿಯ ಅಪ್ಪನದಲ್ಲ, ಕೆರೆ ಒಣಗಿದ್ದ ವರ್ಷಗಳಲ್ಲಿ ಕೆರೆಯಂಗಳಕ್ಕೇ ಕಲ್ಲುಕಂಬ ನೆಟ್ಟುಕೊಂಡಿದ್ದ. ಅನುಮಾನವೇನೋ ಅಂದಿನಿಂದಲೂ ಇತ್ತು, ಸಾಕ್ಷಿ ಇರಲಿಲ್ಲ.

ಹೋದ ವಾರ ಏರಿಯ ಮೇಲೆ ಜಾಲಿ ಕಡಿಯುತ್ತಿದ್ದ ಗಂಗರಾಜು ಮಾತಿಗೆ ಮಾತು ಬಂದು ಹೇಳಿದ: "ಚಪ್ಲಿ ತೂಬಿನ ಪಕ್ಕ ಜೋಡ್ಸಿಟ್ಟಂಗೆ ಇದ್ವಲ್ಲಕ್ಕ, ಅದನ್ನ ನೋಡೇ ಅಲ್ಲಿ ಬಿದ್ದವ್ನೆ ಅಂತ ಗೊತ್ತಾಗಿದ್ದು. ಕೃಷ್ಣಮೂರ್ತೀನೇ ಮೊದ್ಲು ತೋರ್ಸಿದ್ದು."

ನೀರುಗಂಟಿ ಮನೆಯವರಿಗೆ ಏರಿಯೆಂದರೆ ಗಂಗಮ್ಮನ ಬೆನ್ನು. ಚಪ್ಪಲಿ ಮೆಟ್ಟಿ ಹತ್ತುವಂತಿಲ್ಲ. ಮಳೆಯಿರಲಿ, ಮುಳ್ಳಿರಲಿ, ಮೂವತ್ತು ವರ್ಷ ಬಯ್ಯಪ್ಪ ಚಪ್ಪಲಿ ಬಿಟ್ಟದ್ದು ಇದೇ ಹೊಂಗೆಮರದ ಬುಡದಲ್ಲಿ. ಮಿಕ್ಕವರು ಮೆಟ್ಟಿಕೊಂಡೇ ಹತ್ತಿ ತೂಬಿನ ಹತ್ತಿರ ಬಿಡುತ್ತಿದ್ದರು. ಪೊಲೀಸರು ಚಪ್ಪಲಿ ಕೊಟ್ಟಾಗ ಆಂಜಿನಮ್ಮ ಮರದ ಕೆಳಗೇ ಸಿಕ್ಕಿರಬೇಕು ಎಂದುಕೊಂಡಿದ್ದಳಲ್ಲ, ಆ ದಡ್ಡತನಕ್ಕೆ ಹಣೆ ಹಣೆ ಚಚ್ಚಿಕೊಂಡಳು.

ಈಗ ಕೃಷ್ಣಮೂರ್ತಿ ಹಣ್ಣುಕಾಯಿ ತಟ್ಟೆ ಹಿಡಿದು ಬಂದ. ಮರದ ಕೆಳಗೆ ಕಣ್ಣು ಬಿದ್ದದ್ದೇ ಒಂದು ಗಳಿಗೆ ನಿಂತ. ಮತ್ತೆ ಸರಸರನೆ ಏರಿ ಹತ್ತಿ, ತನ್ನ ಹೊಸ ಚರ್ಮದ ಚಪ್ಪಲಿಗಳನ್ನು ತೂಬಿನ ಪಕ್ಕ ಬಿಟ್ಟ. ಆಂಜಿನಮ್ಮ ಬರಿಗಾಲಲ್ಲಿ ಹಿಂದೆಯೇ ಹತ್ತಿದಳು.

"ಕೃಷ್ಣಮೂರ್ತಪ್ಪ, ನಮ್ಮೆಜಮಾನ್ರ ಚಪ್ಲಿ ಅವತ್ತು ಎಲ್ಲಿತ್ತು?"

"ಇಲ್ಲೇ ಬಿಟ್ಟಿದ್ದ. ಇವಾಗ್ಯಾಕೆ ಅದು?"

"ಅವ್ರು ಬಿಟ್ಟಿದ್ದನ್ನ ನೀವು ನೋಡಿದ್ರಾ?"

"ಕಣ್ಣಾರೆ ನೋಡ್ದೆ ಕಣಮ್ಮ. ಮೆಟ್ಕೊಂಡು ಬಂದ, ಬಿಟ್ಟ, ಕೆಳಗಿಳ್ದ."

ಪೂಜೆಯ ನೀರಿನ ಕೊಳಗ ಹೊತ್ತಿದ್ದ ಮುದುಕಿ ಓಬಳಮ್ಮ ಅದನ್ನು ಕೆಳಗಿಟ್ಟಳು. ಬಿದ್ದ ಒಂಬತ್ತು ಮನೆಯಲ್ಲಿ ಅವಳದೂ ಒಂದು. ಇಷ್ಟು ವರ್ಷ ಬಯ್ಯಪ್ಪನಿಗೆ ಹಿಡಿಶಾಪ ಹಾಕಿದವಳು.

"ಬಯ್ಯಪ್ಪ ಚಪ್ಲಿ ಮೆಟ್ಟಿ ಏರಿ ಹತ್ತಿದ್ನಾ?" ಎಂದಳು. "ಅಯ್ಯೋ ಶಿವನೇ! ಯಾರಿಗೆ ಹೇಳ್ತೀಯಪ್ಪ ಇದನ್ನ?"

ತಮಟೆ ನಿಂತಿತು. ಎಲ್ಲರ ಕಣ್ಣೂ ಕೃಷ್ಣಮೂರ್ತಿಯ ಮೇಲೆ. ಅವನು ತಟ್ಟೆಯನ್ನು ಅಲ್ಲೇ ಕುಕ್ಕಿದ, ಕೋಡಿಯ ಕಡೆಗೆ ನಡೆದೇಬಿಟ್ಟ. ಗಂಗರಾಜು ಕಡಿದು ಹಾಕಿದ್ದ ಜಾಲಿಮುಳ್ಳಿನ ಮೇಲೆ ಬರಿಗಾಲಲ್ಲೇ ಹೋದ, ಹಿಂದಿರುಗಿ ನೋಡಲಿಲ್ಲ.

ಯಶೋಧರಾ ಅಮ್ಮನ ಕೈ ಹಿಡಿದುಕೊಂಡಳು. ಓಬಳಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಏರಿ ಇಳಿದು, ಹೊಂಗೆಮರದ ಕೆಳಗಿನ ಚಪ್ಪಲಿಗಳ ಮುಂದೆ ಒಂದು ಹೂ ಇಟ್ಟಳು.

ತೂಬಿನ ಪಕ್ಕದ ಆ ಹೊಸ ಚಪ್ಪಲಿಗಳನ್ನು ಯಾರೂ ಮುಟ್ಟಲಿಲ್ಲ. ಸಂಜೆಯವರೆಗೂ ಅವು ಅಲ್ಲೇ ಇದ್ದವು.