ತಂಡದಲ್ಲಿ ಬ್ರಿಜಿಟಳ ಜಾಗ

ಐದಡಿ ಎರಡಂಗುಲದ ಬ್ರಿಜಿಟ್ ಯಾವ ಬಾಗಿಲನ್ನು ದಾಟುವಾಗಲೂ ತಲೆ ತಗ್ಗಿಸುತ್ತಿದ್ದಳು. ದೋಹಾದ ಓಲ್ಡ್ ಏರ್‌ಪೋರ್ಟ್‌ ಕಡೆಯ ನಮ್ಮ ಕಟ್ಟಡದ ಫ್ಲ್ಯಾಟಿನ ಬಾಗಿಲಿರಲಿ, ವೆಸ್ಟ್ ಬೇಯಲ್ಲಿ ಅವಳು ರಿಸೆಪ್ಷನಿಸ್ಟ್ ಆಗಿದ್ದ ಗಾಜಿನ ಗೋಪುರದ ಎರಡಾಳೆತ್ತರದ ದ್ವಾರವಿರಲಿ, ಹೊಸ್ತಿಲು ಸಮೀಪಿಸಿದೊಡನೆ ಅವಳ ಕತ್ತು ತಾನಾಗಿ ಬಾಗಿ, ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತಿತ್ತು. ಮಂಗಳೂರಿನ ಕಾಲೇಜು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದಾಗ, ತನಗಿಂತ ಗೇಣುದ್ದ ಎತ್ತರದ ಗೆಳತಿಯರು ವ್ಯಾನಿನ ಬಾಗಿಲಲ್ಲಿ ತಲೆ ಬಗ್ಗಿಸಿ ಇಳಿಯುವುದನ್ನು ನೋಡಿ ನೋಡಿ ಅಂಟಿಸಿಕೊಂಡ ಚಾಳಿ ಅದು ಎಂದು ತಾಯಿ ಎಲಿಜಬೆತ್ ಹೇಳುತ್ತಿದ್ದರು. ಅವಳನ್ನೇ ಕೇಳಿದರೆ ಉತ್ತರ ಬೇರೆ. "ನಾನಿನ್ನೂ ಬೆಳೆದು ಮುಗಿದಿಲ್ಲ. ಈಗಿಂದಲೇ ಅಭ್ಯಾಸ ಮಾಡಿಕೊಂಡರೆ ಒಳ್ಳೇದಲ್ವಾ?" ಆಗ ಅವಳಿಗೆ ಇಪ್ಪತ್ತಮೂರು ತುಂಬಿತ್ತು.

ಹಿಮ್ಮಡಿಯನ್ನು ನೆಲಕ್ಕೆ ಪೂರ್ತಿ ತಾಗಿಸದೆ, ಮುಂಗಾಲಿನ ಮೇಲೆ ಪುಟಿಯುತ್ತ ನಡೆಯುವುದು ಅವಳ ರೀತಿ. ಲಿಫ್ಟ್ ಇದ್ದರೂ ಮೆಟ್ಟಿಲನ್ನೇ ಹತ್ತುತ್ತಿದ್ದಳಾದ್ದರಿಂದ, ಸಂಜೆ ಅವಳು ಆಫೀಸಿನಿಂದ ಬಂದದ್ದು ನಮಗೆಲ್ಲ ಕಿವಿಯಿಂದಲೇ ತಿಳಿಯುತ್ತಿತ್ತು. ಮೈಮೇಲೆ ಸದಾ ತಂದೆ ಆಲ್ಬರ್ಟರ ಹಳೆಯ ಸೈಟ್ ಜಾಕೆಟ್ಟು. ತೋಳುಗಳು ಮಡಿಸಿ ಮಡಿಸಿ ಮಣಿಕಟ್ಟಿನ ಬಳಿ ದಪ್ಪ ಬಳೆಯಂತಾಗಿ, ಬೆನ್ನ ಮೇಲಿನ ಕಂಪೆನಿಯ ಹೆಸರು ಒಗೆದು ಒಗೆದು ಮಾಸಿ ಹೋಗಿತ್ತು. ಆಲ್ಬರ್ಟ್ ಕಟ್ಟಡಗಳ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್. ಅಂದಾಜಿನ ಮಾತೆಂದರೆ ಅವರಿಗಾಗದು. ಮಗಳಿಗೆ ಜಾಕೆಟ್ಟಿನೊಡನೆ ಈ ಗುಣವೂ ಬಂದಿತ್ತು. ಇದು ನಿನ್ನಿಂದ ಆಗುವುದಿಲ್ಲ ಎಂದು ಯಾರಾದರೂ ಅಂದರೆ, ಹುಬ್ಬನ್ನೂ ಏರಿಸದೆ, ಜಗಳದ ಸೊಲ್ಲೂ ಇಲ್ಲದೆ, "ಅಳೆದು ನೋಡಿದ್ದೀರಾ?" ಎಂದು ಕೇಳುತ್ತಿದ್ದಳು.

ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ಮರುವರ್ಷ, ಅಲ್ ನವ್ರಸ್ ಎಂಬ ಕ್ಲಬ್ಬು ಸಂಬಳ ಕೊಟ್ಟು ಮಹಿಳೆಯರ ತಂಡ ಕಟ್ಟಲು ಹೊರಟಿತು. ಹೊರದೇಶಗಳಿಂದ ಬಂದ ಪಳಗಿದ ಆಟಗಾರ್ತಿಯರೇ ಹೆಚ್ಚಿದ್ದ ಆ ತಂಡದಲ್ಲಿ ಒಟ್ಟು ಹನ್ನೆರಡು ಮಂದಿಗೆ ಅವಕಾಶ. ಅದರಲ್ಲಿ, ಚೆಂಡನ್ನು ನಡೆಸಿಕೊಂಡು ಹೋಗಿ ಆಟ ಹೂಡುವ ಗಾರ್ಡ್‌ನ ಒಂದು ಸ್ಥಾನ ದೋಹಾದಲ್ಲೇ ನೆಲೆಸಿದ ಹುಡುಗಿಗೆ. ಈದ್ ಮುಗಿದ ವಾರವೇ ಕ್ಯಾಂಪು ಶುರುವಾಯಿತು. ಕೋಚ್ ಝೊಹರಾ ಅಲ್ಜೀರಿಯಾದವರು, ಮಾತು ಕಡಿಮೆ, ಸೀಟಿ ಜಾಸ್ತಿ. ಜಾಕೆಟ್ ತೊಟ್ಟು, ಆರಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದ ಬ್ರಿಜಿಟಳನ್ನು ನೋಡಿ, "ಮಕ್ಕಳ ಕ್ಲಾಸು ಗುರುವಾರ" ಅಂದರು.

"ನನ್ನ ಎತ್ತರ ಅಳೆದಿರಿ, ಸರಿ. ಆಟ ಅಳೆದಿಲ್ಲವಲ್ಲ," ಅಂದಳು ಬ್ರಿಜಿಟ್.

ಝೊಹರಾ ಆಡಲು ಬಿಟ್ಟರು. ಎತ್ತರದವರ ಮೊಣಕೈಗಳ ಕೆಳಗಿನ ಲೋಕವೊಂದಿದೆ. ಅಲ್ಲಿ ಚೆಂಡನ್ನು ನೆಲಕ್ಕೆ ಅಂಟಿಸಿದಂತೆ ತಟ್ಟುತ್ತ ನುಸುಳುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಮೊದಲ ವಾರ ಮುಗಿಯುವಷ್ಟರಲ್ಲಿ ಆ ಒಂದು ಸ್ಥಾನಕ್ಕೆ ಇಬ್ಬರೇ ಉಳಿದರು: ಬ್ರಿಜಿಟ್ ಮತ್ತು ಸುಡಾನಿ ತಂದೆತಾಯಿಗಳ ಮಗಳಾಗಿ ದೋಹಾದಲ್ಲೇ ಬೆಳೆದ ಆಸಿಯಾ.

ಎರಡನೆಯ ವಾರ, ರಿಂಗಿಗೆ ತಾಗಿ ಚಿಮ್ಮಿದ ಚೆಂಡಿಗಾಗಿ ಹಾರಿದ ಬ್ರಿಜಿಟ್ ಇನ್ನೊಬ್ಬಳ ಬೂಟಿನ ಮೇಲೆ ಇಳಿದಳು. ಬಲ ಮೊಣಕಾಲು ತಿರುಚಿ ಲಟಕ್ಕೆಂದ ಸದ್ದು ಎಲ್ಲರಿಗೂ ಕೇಳಿಸಿತು. ಮಹಿಳೆಯರ ಪ್ರಾಕ್ಟೀಸಿಗೆ ಗಂಡಸರಿಗೆ ಪ್ರವೇಶವಿಲ್ಲ. ದಿನವೂ ಮಗಳನ್ನು ಕರೆತಂದು ಹೊರಗೆ ಕಾರಿನಲ್ಲಿ ಪತ್ರಿಕೆ ಓದುತ್ತ ಕೂರುವ ಆಲ್ಬರ್ಟ್, ಸುದ್ದಿ ತಿಳಿದು ಓಡಿಬಂದರೂ ಬಾಗಿಲ ಬಳಿಯೇ ನಿಲ್ಲಬೇಕಾಯಿತು. ಕೊನೆಗೆ ಆಸಿಯಾಳ ಹೆಗಲಿಗೆ ಜೋತುಬಿದ್ದು ಹೊರಬಂದ ಮಗಳ ಮುಖ ಬಿಳಿಚಿತ್ತು. ಅಪ್ಪನನ್ನು ಕಂಡು ಅವಳು ಹೇಳಿದ್ದು ಒಂದೇ: "ಡ್ಯಾಡಿ, ಮಮ್ಮಿಗೆ ಫೋನಿನಲ್ಲಿ ಹೇಳ್ಬೇಡಿ. ಎದುರಲ್ಲೇ ಹೇಳುವ."

ಮೊಣಕಾಲೊಳಗೆ ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಕೂತಿರುವ ಮೃದ್ವಸ್ಥಿ ಹರಿದಿತ್ತು. ಮೂಳೆವೈದ್ಯರು ಎರಡು ದಾರಿ ಹೇಳಿದರು. ಹರಿದ ಚೂರನ್ನು ಕತ್ತರಿಸಿ ತೆಗೆದರೆ ಒಂದೂವರೆ ತಿಂಗಳಲ್ಲಿ ಅಂಗಳಕ್ಕೆ ಮರಳಬಹುದು, ಅಂದರೆ ತಂಡದ ಆಯ್ಕೆಯ ಹೊತ್ತಿಗೆ ಸರಿಯಾಗಿ; ಆದರೆ ಮೆತ್ತೆ ಕಳೆದುಕೊಂಡ ಕಾಲು ವರ್ಷಗಳು ಕಳೆದಂತೆ ಸವೆಯುತ್ತದೆ. ಹೊಲಿದು ಕೂಡಿಸಿದರೆ ಕಾಲು ಉಳಿಯಬಹುದು, ಆದರೆ ಆರು ತಿಂಗಳು ಓಡುವಂತಿಲ್ಲ, ಆ ವರ್ಷದ ಆಟ ಮುಗಿದ ಹಾಗೆಯೇ.

ಅಲ್ಲಿಯ ರಜಾದಿನವಾದ ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಹೊರಬಂದವರ ಬಾಯಲ್ಲೆಲ್ಲ ಅವಳ ಮೊಣಕಾಲೇ. ಸಿಕ್ಕ ಅವಕಾಶ ಹೋಯಿತಲ್ಲ ಎಂದವರುಂಟು. ಮದುವೆಗೆ ಮೊದಲು ಹೀಗಾಗಬಾರದಿತ್ತು ಎಂದು ದನಿ ತಗ್ಗಿಸಿದವರೂ ಉಂಟು. ಎಲಿಜಬೆತ್ ಆಟವನ್ನೇ ಬಿಟ್ಟುಬಿಡು ಎಂದು ಅತ್ತರು. ಎಲ್ಲರಿಗೂ ಅಚ್ಚರಿಯಾದದ್ದು ಆಲ್ಬರ್ಟರ ಮಾತಿನಿಂದ. ಯಾವುದಕ್ಕೂ ಆತುರಪಡದ ಅವರು ಆ ಸಂಜೆ ಮಗಳ ಮಂಚದ ಬದಿಯಲ್ಲಿ ಕೂತು, "ಬಾಯ್, ಮಗಳೇ, ಕತ್ತರಿಸಿ ತೆಗೆಯಲಿ. ಕ್ಲಬ್ಬಿನವರು ಇನ್ನೊಂದು ವರ್ಷ ಕಾಯ್ತಾರೆ ಅಂತ ಯಾರು ಹೇಳಿದ್ದು? ಈ ಬಾಗಿಲು ಮುಚ್ಚಿದರೆ ಖಲಾಸ್," ಅಂದರು. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದರು ಪಾಪ, ನನ್ನ ಮಗಳು ಪ್ರೊಫೆಷನಲ್ ಪ್ಲೇಯರ್ ಆಗ್ತಾಳೆ ಎಂದು.

ಬ್ರಿಜಿಟಳಿಗೆ ಆ ಸ್ಥಾನ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಕ್ಲಬ್ಬಿನ ನೀಲಿ ಅಂಗಿಯ ಬೆನ್ನಿಗೆ ಯಾವ ಸಂಖ್ಯೆ ಹಾಕಿಸಿಕೊಳ್ಳಬೇಕೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಆದರೂ ಹೇಳಿದಳು: "ಡ್ಯಾಡಿ, ತಂಡಕ್ಕೆ ಸೇರಿದೆ ಅಂತ ಹೇಳಿಸಿಕೊಳ್ಳಲಿಕ್ಕೆ ನಾನು ಆಡುವುದಾ? ನನಗೆ ಮೂವತ್ತೈದು ವರ್ಷದವರೆಗೆ ಆಡ್ಲಿಕ್ಕೆ ಉಂಟು. ಹೊಲಿಯಲಿ."

ಹಾಗೆ ಹೇಳಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಅತ್ತದ್ದನ್ನು ಆ ಮನೆಯವರು ಕೇಳಿದ್ದು ಅದೊಂದೇ ಸಲ.

ಡಿಸೆಂಬರಿನಲ್ಲಿ ಸ್ಥಾನ ಆಸಿಯಾಳಿಗೆ ಹೋಯಿತು. ಮರುದಿನವೇ ಊರುಗೋಲು ಕಂಕುಳಲ್ಲಿಟ್ಟುಕೊಂಡು ಬ್ರಿಜಿಟ್ ಪ್ರಾಕ್ಟೀಸಿಗೆ ಹಾಜರಾದಳು. ಝೊಹರಾ ಸೀಟಿಯನ್ನು ಬಾಯಿಂದ ತೆಗೆದು ಕೇಳಿದರು: "ನಿನ್ನನ್ನು ಯಾರು ಕರೆದರು?"

"ಯಾರೂ ಇಲ್ಲ ಕೋಚ್. ಬಾಗಿಲು ತೆರೆದಿತ್ತು."

ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗೆರೆಯ ಆಚೆ ಹಾಕಿಕೊಂಡು ಕೂತಳು. ಚಳಿಗಾಲವಿಡೀ ಆ ಕುರ್ಚಿ ಖಾಲಿ ಬಿದ್ದದ್ದಿಲ್ಲ. ಕೂತಲ್ಲಿಂದಲೇ ಚೆಂಡನ್ನು ಗೋಡೆಗೆ ಎಸೆದು ಹಿಡಿಯುತ್ತ, ಹತ್ತು ಜನ ಓಡುವ ದಾರಿಯ ನಕ್ಷೆಯನ್ನು ಕಣ್ಣಲ್ಲೇ ತೆಗೆಯುತ್ತ, ಅಪ್ಪನ ಕಸುಬನ್ನು ಅವಳು ತನ್ನ ಆಟಕ್ಕೆ ಬಳಸಿಕೊಂಡಳು. ಒಂದು ದಿನ ಆಸಿಯಾಳನ್ನು ಕರೆದು, "ನೀನು ಎಡಕ್ಕೆ ಹೋಗುವ ಮೊದಲು ಬಲಭುಜ ಇಳಿಸ್ತೀಯ. ಕುರುಡಿಗೂ ಗೊತ್ತಾಗ್ತದೆ," ಅಂದಳು. ಆಸಿಯಾ ಸಂಶಯದಿಂದ ನೋಡಿದಳು: ತನ್ನ ಜಾಗ ಪಡೆದವಳಿಗೆ ಯಾರಾದರೂ ಉಪಕಾರ ಮಾಡುತ್ತಾರೆಯೇ? ಬ್ರಿಜಿಟ್ ನಕ್ಕಳು. "ಮುಂದಿನ ವರ್ಷ ನಾನು ಬರ್ತೇನೆ. ಆಗ ನೀನು ಚೆನ್ನಾಗಿ ಆಡ್ತಿರಬೇಕು. ಕೆಟ್ಟದಾಗಿ ಆಡುವವಳನ್ನು ಸೋಲಿಸಿ ನನಗೆ ಏನು ಬಂತು?" ಆ ಚಳಿಗಾಲದಲ್ಲೇ ಆಸಿಯಾಳ ಭುಜ ಸರಿಹೋಯಿತು, ಇಬ್ಬರ ಗೆಳೆತನ ಕುದುರಿತು.

ಬೇಸಗೆ ಕಾಲಿಡುವಾಗ ವೈದ್ಯರು ನೀರಿನಲ್ಲಿ ನಡೆಯಲು ಹೇಳಿದರು. ಕೆಳಗಿನ ಮಹಡಿಯ ಬೋಜ ಅಂಕಲ್, ಎಸಿ ರಿಪೇರಿಯ ಕಸುಬಿನವರು, ಶುಕ್ರವಾರ ಬೆಳಿಗ್ಗೆ ಮೀನು ಹಿಡಿಯಲು ತಮ್ಮ ಪಿಕಪ್ಪಿನಲ್ಲಿ ಅಲ್ ಶಮಾಲ್ ಕಡೆ ಹೋಗುವವರು. ಆಲ್ಬರ್ಟರನ್ನೂ ಮಗಳನ್ನೂ ಜೊತೆಗೆ ಹತ್ತಿಸಿಕೊಂಡರು. ಉತ್ತರದ ಆ ಆಳವಿಲ್ಲದ ಕಡಲಲ್ಲಿ ಸೊಂಟಮಟ್ಟದ ನೀರಿಗಿಳಿದು, ಅಲೆ ತಳ್ಳಿದ ಕಡೆ ವಾಲದೆ, ಮರಳಲ್ಲಿ ಹೂತ ಪಾದವನ್ನು ಕಿತ್ತು ಕಿತ್ತು ಇಡುತ್ತ ಅವಳು ದಡದುದ್ದಕ್ಕೂ ನಡೆಯುವಳು. ಬೋಜ ಅಂಕಲ್ ಗಾಳ ಹಿಡಿದು ಕೂತಲ್ಲಿಂದಲೇ "ಯಲ್ಲಾ ಮಗಾ, ಯಲ್ಲಾ, ನಡಿ ನಡಿ! ಮೀನು ಓಡಿಸಬೇಡ, ನೀನು ಓಡು!" ಎಂದು ಕೂಗುವರು. ನೋವಾದ ದಿನ ಅವಳ ಕೆಳದುಟಿ ಹಲ್ಲಿನಡಿ ಸಿಕ್ಕಿರುತ್ತಿತ್ತು. ಆದರೆ ಯಾವ ವಾರವೂ ಅವಳೇ ಮೊದಲು ಕೆಳಗಿಳಿದು ಪಿಕಪ್ಪಿನ ಪಕ್ಕ ನಿಂತಿರುವಳು.

ಮುಂದಿನ ಅಕ್ಟೋಬರಿನಲ್ಲಿ ಕ್ಯಾಂಪು ಮತ್ತೆ ಸೇರಿದಾಗ ಆಸಿಯಾಳದೂ ಸೇರಿ ಹನ್ನೊಂದು ಹೆಸರು ಆಗಲೇ ನಿಶ್ಚಯವಾಗಿದ್ದವು. ಉಳಿದ ಒಂದಕ್ಕೆ ಬೈರೂತಿನಿಂದ ಕರೆಸಿಕೊಂಡ, ತೆಂಗಿನ ಸಸಿಯಂತೆ ನೀಳವಾದ ಹುಡುಗಿಯೊಬ್ಬಳಿದ್ದಳು. ಹೊಲಿದ ಕಾಲಿನ, ಒಂದೂ ಪಂದ್ಯವಾಡದ ಗಿಡ್ಡ ಹುಡುಗಿಗೆ ಎಷ್ಟು ಅವಕಾಶ ಎಂದು ಯಾರೂ ಬಾಯಿಬಿಟ್ಟು ಚರ್ಚಿಸಲಿಲ್ಲ. ಚರ್ಚಿಸುವಷ್ಟು ಏನೂ ಇಲ್ಲವೆಂದೇ ಎಲ್ಲರ ಎಣಿಕೆ.

ಕೊನೆಯ ದಿನದ ಪಂದ್ಯದಲ್ಲಿ ಝೊಹರಾ ಬೇಕೆಂದೇ ಆಸಿಯಾಳನ್ನು ಬ್ರಿಜಿಟಳ ಎದುರು ನಿಲ್ಲಿಸಿದರು. ಆಸಿಯಾ ಎಡಕ್ಕೆ ನುಗ್ಗಿದಳು, ಭುಜ ಇಳಿಯಲಿಲ್ಲ, ಬ್ರಿಜಿಟ್ ಮೋಸಹೋದಳು. ಮತ್ತೊಮ್ಮೆ ನುಗ್ಗಿದಳು, ಬ್ರಿಜಿಟ್ ಮತ್ತೆ ಮೋಸಹೋದಳು. ತಾನೇ ತಿದ್ದಿದ ಆಟ ತನ್ನನ್ನೇ ದಾಟಿಕೊಂಡು ಹೋಗುವುದನ್ನು ನೋಡುತ್ತ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ಇವಳನ್ನು ಊಹಿಸಿ ತಡೆಯಲಾಗದು, ಎದುರು ನಿಂತೇ ತಡೆಯಬೇಕು. ಬಾಸ್ಕೆಟ್‌ಬಾಲಿನಲ್ಲಿ, ಕಾಲೂರಿ ಅಲುಗದೆ ನಿಂತವಳಿಗೆ ಚೆಂಡು ಹಿಡಿದವಳು ನುಗ್ಗಿ ಡಿಕ್ಕಿ ಹೊಡೆದರೆ ತಪ್ಪು ನುಗ್ಗಿದವಳದು. ಆದರೆ ಡಿಕ್ಕಿಯನ್ನು ಎದೆಗೆ ತೆಗೆದುಕೊಳ್ಳಬೇಕು, ಬೀಳಬೇಕು. ವರ್ಷವಿಡೀ ಅವಳ ಮನೆಯವರು ಹೆದರಿದ್ದು ಅಂಥ ಬೀಳುವಿಕೆಗೇ.

ಮೂರನೆಯ ಸಲ ಆಸಿಯಾ ಬಂದಾಗ ಬ್ರಿಜಿಟ್ ಕೈಗಳನ್ನು ಎದೆಗೆ ಮಡಿಸಿ, ಎರಡೂ ಪಾದ ನೆಲಕ್ಕೆ ಊರಿ ನಿಂತಳು. ಗೆಳತಿಯೆಂದು ಆಸಿಯಾ ವೇಗ ತಗ್ಗಿಸಲಿಲ್ಲ. ಇಬ್ಬರೂ ಬಿದ್ದರು. ಬೂಟುಗಳ ಕಿರುಗುಟ್ಟುವಿಕೆ ನಿಂತು ಹೋಯಿತು. ಎಲ್ಲರ ಕಣ್ಣೂ ಆ ಬಲ ಮೊಣಕಾಲಿನ ಮೇಲೆ. ಬ್ರಿಜಿಟ್ ಅದನ್ನು ಒಮ್ಮೆ ಮಡಚಿದಳು, ಚಾಚಿದಳು, ಎದ್ದು ನಿಂತಳು.

"ಎಂತ ನೋಡ್ತಾ ಇದ್ದೀರಿ?" ಗಾಬರಿಗೆ ಅವಳ ಬಾಯಿಂದ ಬಂದದ್ದು ಮಂಗಳೂರಿನ ಕನ್ನಡ. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಅಥವಾ ಎಲ್ಲರಿಗೂ ಆಯಿತು. ಝೊಹರಾ ಸೀಟಿ ಊದಿ ಆಸಿಯಾಳತ್ತ ಕೈ ತೋರಿಸಿದರು: ತಪ್ಪು ಅವಳದು, ಚೆಂಡು ಬ್ರಿಜಿಟಳಿಗೆ. ಆಟ ಮುಗಿಯುವಷ್ಟರಲ್ಲಿ ಅವಳು ಇನ್ನೂ ಎರಡು ಸಲ ಹಾಗೆಯೇ ನಿಂತಳು, ಹಾಗೆಯೇ ಬಿದ್ದಳು.

"ಜನವರಿ ಕೊನೆಯವರೆಗೆ ಮಾತ್ರ," ಅಂದರು ಝೊಹರಾ, ಅವಳನ್ನು ಬದಿಗೆ ಕರೆದು. "ಕಾಲು ತಾಳಿದರೆ ಮುಂದೆ ನೋಡೋಣ. ಬೈರೂತಿನವಳಿಗೆ ನಾನು ಹೇಳಿಕೊಳ್ಳುತ್ತೇನೆ."

ಹೀಗೆ ಹನ್ನೆರಡನೆಯವಳಾಗಿ ಅವಳು ತಂಡಕ್ಕೆ ಸೇರಿದಳು. ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನ ತುದಿಯಲ್ಲಿ ಕೂತಳು. ಇಳಿಸಿದಾಗ ಸಿಕ್ಕ ನಿಮಿಷಗಳಲ್ಲಿ ಎತ್ತರದವರ ಕಾಲಡಿ ನುಸುಳಿ ಅವರ ನೆಮ್ಮದಿ ಕೆಡಿಸಿದಳು. ಜನವರಿಯ ಕೊನೆಯ ಪ್ರಾಕ್ಟೀಸಿನ ಸಂಜೆ, ಲಾಕರಿನಲ್ಲಿದ್ದ ತನ್ನ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಥ್ಯಾಂಕ್ಸ್ ಹೇಳಲೆಂದು ಕೋಚ್ ಬಳಿ ಹೋದಳು. ಝೊಹರಾ ಚೀಲವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಫೆಬ್ರವರಿಯಿಂದ ಪ್ರಾಕ್ಟೀಸ್ ಐದು ಗಂಟೆಗೆ. ತಡ ಮಾಡಬೇಡ."

"ಯಾವ ಫೆಬ್ರವರಿ, ಕೋಚ್?"

"ನಿನ್ನ ಹತ್ತಿರ ಎಷ್ಟು ಫೆಬ್ರವರಿ ಇದೆ?"

ಛಲವೆಂದರೆ ಧಾವಂತ ಎಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಸಿಕ್ಕಿದ್ದನ್ನು ಸಿಕ್ಕ ಕ್ಷಣದಲ್ಲೇ ಬಾಚಿಕೊಂಡವರನ್ನು ಛಲಗಾರರೆಂದು ಹೊಗಳುತ್ತೇವೆ. ಬ್ರಿಜಿಟಳಂಥವರು ವಿರಳ. ಅವರು ಕೈಗೆ ಬಂದದ್ದನ್ನು ಕಣ್ಣೆದುರೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಆ ಇನ್ನೊಬ್ಬರ ಏಳಿಗೆಗೆ ಹೊಟ್ಟೆಕಿಚ್ಚುಪಡದೆ, ತಮ್ಮ ಆಸೆಯ ಕಾವು ಒಂದಿಷ್ಟೂ ಆರದಂತೆ ಕಾಯಬಲ್ಲರು. ಆ ಕಾಯುವಿಕೆಯಲ್ಲಿ ಅವರು ಎಷ್ಟು ದುಡಿಯುತ್ತಾರೆಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕೊನೆಗೆ ಅವರು ಗೆದ್ದಾಗ ಅದೃಷ್ಟವಂತರು ಎಂದು ನಾವೇ ಹೇಳುತ್ತೇವೆ. ಹಾಗೆ ಹೇಳಿದರೆ ಅವರು ತಿದ್ದಲು ಬರುವುದಿಲ್ಲ. ಅವರಿಗೆ ಅಷ್ಟು ಪುರುಸೊತ್ತು ಎಲ್ಲಿ? ಐದು ಗಂಟೆಗೆ ಪ್ರಾಕ್ಟೀಸ್ ಇರುತ್ತದೆ.