ಹೈಡ್ರೇಂಜಿಯಾ ಕೊಟ್ಟ ಪ್ರಸಾದ

ತಾನು ಮತ್ತೆ ಮದುವೆಯಾಗುವ ವಿಚಾರವನ್ನು ಪಕ್ಕದ ಮನೆಯ ಹೊಂಬಾಳಮ್ಮ ಕಾಂಪೌಂಡ್ ಗೋಡೆಯಾಚೆಯಿಂದ ಹೇಳಿದಾಗ, ಬಟ್ಟೆ ಒಣಹಾಕುತ್ತಿದ್ದ ಪದ್ಮಮ್ಮ ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡರು. ಬಾಯಿ ತೆರೆದರೆ ಏನು ಬರುತ್ತದೋ ಎಂಬ ಭಯ.

"ಗುಬ್ಬಿ ಅನಂತರಾಜು ಮೇಷ್ಟ್ರು, ಪದ್ಮಕ್ಕ. ಅವರೂ ಒಂಟಿ. ಮಗಳೂ ಮದ್ವೆ ಆಗಮ್ಮ ಅಂತಾಳೆ. ಆದ್ರೆ ಇವರನ್ನ ಕೇಳ್ದೆ ಹೆಂಗೆ?"

'ಇವರು' ಎಂದರೆ ಹೊಂಬಾಳಮ್ಮನ ತೀರಿಹೋದ ಗಂಡ ವೆಂಕಟರಂಗಯ್ಯ. ದೇವರಲ್ಲಿ ಹೂವಿನ ಪ್ರಸಾದ ಕೇಳಬಹುದಿತ್ತು. ಬಲಗಡೆ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಆದರೆ ಪೂಜಾರಿ ಸಂಜೆಯೊಳಗೆ ಸುದ್ದಿಯನ್ನು ತುಮಕೂರಿಗೆಲ್ಲ ಹಂಚುತ್ತಾನೆ. ಹಾಗಾಗಿ ಅವಳು ಗಂಡ ನೆಟ್ಟಿದ್ದ ಹೈಡ್ರೇಂಜಿಯಾ ಹೂಗಿಡದ ಕುಂಡವನ್ನೇ ಕೇಳಿಕೊಂಡಿದ್ದಳು: ಈ ಸಲವೂ ಗೊಂಚಲು ನೀಲಿ ಬಂದರೆ ಒಪ್ಪಿಗೆ. ಆ ಗಿಡ ನೀಲಿ ಬಿಟ್ಟು ಬೇರೆ ಬಣ್ಣ ಕೊಟ್ಟದ್ದೇ ಇಲ್ಲ. ಅದನ್ನು ಕೇಳಿದ್ದೂ ಅದಕ್ಕೇ.

"ಮಗಳು ಹೇಮಶ್ರೀ ಬಾಣಂತನಕ್ಕೆ ಕುಣಿಗಲ್‌ಗೆ ಹೋಗ್ತಾ ಇದೀನಿ. ಹೂ ನೀಲಿ ಬಂದ್ರೆ ಇವರ ಒಪ್ಪಿಗೆ ಅಂತ ಕೇಳ್ಕೊಂಡಿದೀನಿ, ಗಿಡ ನೀವೇ ನೋಡ್ಕೋಬೇಕು. ಡ್ರಮ್ಮಲ್ಲಿರೋ ಮಳೆನೀರೇ ಹಾಕಿ. ಯಾಕೋ ಗೊತ್ತಿಲ್ಲ, ಇವರು ಹಂಗೇ ಮಾಡೋರು."

ಯಾಕೆಂದು ಪದ್ಮಮ್ಮನವರಿಗೆ ಗೊತ್ತಿತ್ತು. ವೆಂಕಟರಂಗಯ್ಯನವರೇ ಒಮ್ಮೆ ಇದೇ ಗೋಡೆಗೊರಗಿ ಹೇಳಿದ್ದರು: ಮಣ್ಣು ಹುಳಿಯಿದ್ದರೆ ಹೂ ನೀಲಿ; ಬೂದಿ, ಸುಣ್ಣ, ಗಡಸು ಬೋರ್ ನೀರು ಬಿದ್ದರೆ ಗುಲಾಬಿ. ಹೆಂಡತಿಗೆ ಹೇಳಿರಲಿಲ್ಲ. ಗಂಡಸರು ಇಂಥದ್ದನ್ನು ಪಕ್ಕದ ಮನೆಯವರಿಗೇ ಹೇಳುವುದು.

ಪದ್ಮಮ್ಮ ಕೆಟ್ಟವರಲ್ಲ, ಬೇಕಾದರೆ ಅವರನ್ನೇ ಕೇಳಿ. ಅರಿಶಿನ-ಕುಂಕುಮಕ್ಕೆ ಬೀದಿಯನ್ನೆಲ್ಲ ಕರೆದು, ಹೊಂಬಾಳಮ್ಮನನ್ನು ಮಾತ್ರ ಬಿಟ್ಟು, ಮಾರನೇ ದಿನ ಉಳಿದ ಕೋಸಂಬರಿಯನ್ನು ಗೋಡೆಯ ಮೇಲಿಂದ ಕೊಡುತ್ತ "ಅಯ್ಯೋ ಪಾಪ" ಎನ್ನುವುದರಲ್ಲಿ ಅವರಿಗೊಂದು ಸುಖವಿತ್ತು. ಅವಳೂ ಮುತ್ತೈದೆಯಾಗಿ ಪಕ್ಕದಲ್ಲೇ ಬಂದು ಕೂತರೆ ಆ ಕೋಸಂಬರಿ ಯಾರಿಗೆ?

ಅವಳು ಹೋದ ಮಾರನೇ ಬೆಳಗ್ಗೆಯಿಂದ ಹಂಡೆ ಒಲೆಯ ಬೂದಿ ಕುಂಡಕ್ಕೆ ಹೋಯಿತು. ಸಂಜೆ ಸುಣ್ಣದ ತಿಳಿ. ಎಲ್ಲವೂ ಹದವಾಗಿ. ಗಿಡ ಸತ್ತರೆ ಅದು ಬರೀ ಸಾವು. ಬದುಕಿ ಬೇರೆ ಬಣ್ಣ ಬಿಟ್ಟರೆ ತಾನೇ ಉತ್ತರ?

ಬಾಣಂತನ ಮುಗಿಸಿ ಹೊಂಬಾಳಮ್ಮ ಬಂದಾಗ ಗೊಂಚಲುಗಳು ತುಂಬಿ ಅರಳಿದ್ದವು. ಎಳೆಮಗುವಿನ ಫ್ರಾಕಿನಂಥ ಗುಲಾಬಿ. ಬ್ಯಾಗು ಕೆಳಗಿಡುವುದನ್ನೂ ಮರೆತು ನಿಂತಳು.

"ಪದ್ಮಕ್ಕ, ಮಳೆನೀರೇ ಹಾಕಿದ್ರಿ ಅಲ್ವಾ?"

"ಇನ್ನೇನು ಪನ್ನೀರು ಹಾಕ್ತಾರೇನೇ?" ಎಂದ ಪದ್ಮಮ್ಮ ದನಿಯನ್ನು ಮೆತ್ತಗೆ ಮಾಡಿಕೊಂಡರು. "ಅವರ ಮನಸ್ಸಿಗೆ ಬರ್ಲಿಲ್ವೇನೋ ಕಣೇ."

ಅವಳು ಅಲ್ಲೇ ಫೋನ್ ಮಾಡಿದಳು. "ಬೇಡ ಮೇಷ್ಟ್ರೇ. ಇವರು ಒಪ್ಪಲಿಲ್ಲ." ಆ ಕಡೆಯಿಂದ ಏನೋ ಕೇಳಿದರು. "ನಿಮಗೆ ಹೇಳಿದ್ರೆ ನಗ್ತೀರ," ಎಂದು ಇಟ್ಟುಬಿಟ್ಟಳು. ಆಮೇಲೆ ಕುಂಡವನ್ನೆತ್ತಿ ಗೋಡೆಯ ಮೇಲಿಟ್ಟಳು. "ನೀವೇ ಇಟ್ಕೊಳ್ಳಿ. ನನ್ ಕೈಲಿ ನೋಡಕ್ಕಾಗಲ್ಲ."

ಎಷ್ಟೋ ವರ್ಷದಿಂದ ಪದ್ಮಮ್ಮ ಆಸೆಪಟ್ಟ ಗಿಡ. ಇಸಿದುಕೊಂಡ ಕಡ್ಡಿಗಳೆಲ್ಲ ಅವರ ಕೈಯಲ್ಲಿ ಕೊಳೆತಿದ್ದವು. ಈಗ ಇಡೀ ಗಿಡವೇ ಜಗಲಿಗೆ ಬಂದಿತ್ತು. ಆದರೆ ಬಟ್ಟೆ ಒಣಹಾಕಲು ಬರುವ ಹೊಂಬಾಳಮ್ಮನಿಗೆ ಅಲ್ಲಿಂದ ಜಗಲಿ ಚೆನ್ನಾಗಿ ಕಾಣುತ್ತದೆ, ಹೂವಿನ ಬಣ್ಣವೂ.

"ನೀಲಿ ಹೂ ನೀಲಿ ಹೂ ಅಂತ ಬಡ್ಕೋತಿದ್ದೆ," ಎಂದರು ಗಂಡ ಸೀತಾರಾಮಯ್ಯ. "ಈಗ ನೋಡಿದ್ರೆ ದಿನಾ ಬೂದಿ ಸುರೀತೀಯ."

"ಗುಲಾಬಿನೇ ಲಕ್ಷಣ ಕಣ್ರೀ," ಎಂದ ಪದ್ಮಮ್ಮ, ಆಕಾಶದಲ್ಲಿ ಮೋಡ ಕಂಡು, ಕುಂಡವನ್ನು ದರದರನೆ ಒಳಗೆಳೆದುಕೊಂಡರು.